ಮೌಸ್ ಕೈಕೊಟ್ಟರೆ ಅದರ ಪೇರೆಂಟ್ ಯಾರು ನೋಡಿ

ಊರಿಂದಲೇ ಕೆಲಸ ಮಾಡುವವರ ಟೇಬಲ್ ನಿಮಗೂ ಗೊತ್ತು. ಲ್ಯಾಪ್‌ಟಾಪ್‌ಗೆ ಎರಡೇ ಯುಎಸ್‌ಬಿ ಪೋರ್ಟು. ಹಾಗಾಗಿ ಒಂದು ಹಬ್, ಅದಕ್ಕೆ ಮೌಸ್, ವೆಬ್‌ಕ್ಯಾಮ್, ಹೆಡ್‌ಸೆಟ್, ಹಾರ್ಡ್ ಡಿಸ್ಕ್. ಕುಮಟಾದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಹಿಂದಿನ ದಿನ ಇವೆಲ್ಲ ಒಟ್ಟಿಗೇ ಹೋಗೋದು, ಮತ್ತೆ ಬರೋದು ಶುರುವಾಯ್ತು. ಒಂದೊಂದರ ಡ್ರೈವರ್ ತೆಗೆದು ಹಾಕಿ ಸುಸ್ತಾಗಿ, "ಅಣ್ಣಾ, ಹೊಸ ವೆಬ್‌ಕ್ಯಾಮ್ ತಗೊಳ್ಲಾ?" ಅಂತ ಫೋನ್ ಮಾಡಿದ.

ಡಿವೈಸ್ ಮ್ಯಾನೇಜರ್ ತೆರೆದಾಗ ಕಾಣೋದು ಬಗೆವಾರು ಪಟ್ಟಿ. ಮೌಸ್ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ. ಒಂದೇ ವೆಬ್‌ಕ್ಯಾಮ್‌ನ ಮೈಕ್ ಕೂಡ ಬೇರೆ ತಲೆಬರಹದಡಿ ಇರುತ್ತೆ. ಯಾವುದು ಯಾವುದನ್ನು ನಂಬಿಕೊಂಡಿದೆ ಅನ್ನೋದು ಇಲ್ಲಿ ತಿಳಿಯಲ್ಲ. ‘ವ್ಯೂ’ ಮೆನುವಿನಲ್ಲಿ ‘ಡಿವೈಸಸ್ ಬೈ ಕನೆಕ್ಷನ್’ ಆರಿಸಿ. ಅದೇ ಪಟ್ಟಿ ಮರವಾಗುತ್ತೆ: ಹೋಸ್ಟ್ ಕಂಟ್ರೋಲರ್, ಅದರಡಿ ರೂಟ್ ಹಬ್, ಅದರಡಿ ನಿಮ್ಮ ಹಬ್, ಕೊನೆಗೆ ಮೌಸ್, ವೆಬ್‌ಕ್ಯಾಮ್. ಪ್ರತಿ ಹಂತಕ್ಕೂ ಅದರದೇ ಡ್ರೈವರ್ ಇದೆ. ಹಬ್‌ನ ಡ್ರೈವರ್ "ಇಲ್ಲೊಂದು ಮೌಸ್ ಬಂದಿದೆ" ಅಂತ ತಿಳಿಸಿದ ಮೇಲೆಯೇ ವಿಂಡೋಸ್ ಮೌಸ್‌ನ ಡ್ರೈವರ್ ಲೋಡ್ ಮಾಡೋದು.

ನಮ್ಮ ಕೊಂಕಣ ರೈಲ್ವೆಯನ್ನೇ ನೋಡಿ. ಮಂಗಳೂರಿಂದ ಹೊರಟ ರೈಲು ಭಟ್ಕಳ ದಾಟಿ, ಶರಾವತಿ ಸೇತುವೆ ಮೇಲೆ ಹೊನ್ನಾವರಕ್ಕೆ, ಆಮೇಲೆ ಕುಮಟಾಕ್ಕೆ ಬರುತ್ತೆ. ಸೇತುವೆ ಬಂದ್ ಆದರೆ ಭಟ್ಕಳದ ತನಕ ರೈಲು ಬಂದೀತು, ಮುಂದಿನ ಎರಡೂ ಸ್ಟೇಷನ್‌ಗೆ ಬರಲ್ಲ. ಆಗ ಕುಮಟಾ ಸ್ಟೇಷನ್ ರಿಪೇರಿ ಮಾಡಿ ಏನು ಪ್ರಯೋಜನ?

ತಮ್ಮನ ಮರದಲ್ಲಿ ಕೈಕೊಟ್ಟ ನಾಲ್ಕೂ ಒಂದೇ ಹಬ್‌ನಡಿ ಇದ್ದವು. ಅದು ಪ್ರತ್ಯೇಕ ಅಡಾಪ್ಟರ್ ಇಲ್ಲದ ಯುಎಸ್‌ಬಿ 2.0 ಹಬ್. ಇಂಥ ಪೋರ್ಟಿನಿಂದ ಸಿಗಬೇಕಾದ ಕರೆಂಟ್ 500 ಮಿಲಿಆಂಪಿಯರ್, ಅದರಲ್ಲೇ ಎಲ್ಲವೂ ಹಂಚಿಕೊಳ್ಳಬೇಕು. ಹಾರ್ಡ್ ಡಿಸ್ಕ್ ಕಿತ್ತು ನೇರ ಲ್ಯಾಪ್‌ಟಾಪ್‌ಗೆ ಹಾಕಿಸಿದೆ. ಉಳಿದ ಮೂರೂ ನಿಂತವು, ಇಂಟರ್‌ವ್ಯೂ ಒಮ್ಮೆಯೂ ಕಟ್ ಆಗದೆ ಮುಗಿಯಿತು.

ನೆನಪಿಡಬೇಕಾದ್ದು ಇಷ್ಟೇ. ಒಂದೇ ಕೊಂಬೆಯ ಹಲವು ಸಾಧನಗಳು ಒಟ್ಟಿಗೆ ಹೋದರೆ ಮೇಲಿನ ಹಬ್ ನೋಡಿ. ಒಂದಕ್ಕೆ ಮಾತ್ರ ಹಳದಿ ಗುರುತು ಬಂದು ಪಕ್ಕದವು ಸರಿಯಿದ್ದರೆ ಆ ಒಂದರ ಡ್ರೈವರ್ ನೋಡಿ. ಮರದಲ್ಲಿ ಹುಡುಕಲು ಕಷ್ಟವಾದರೆ ಸಾಧನದ ‘ಪ್ರಾಪರ್ಟೀಸ್’ ತೆರೆದು ‘ಡೀಟೇಲ್ಸ್’ ಟ್ಯಾಬ್‌ನಲ್ಲಿ ‘ಪೇರೆಂಟ್’ ಆರಿಸಿ. ಹೊಸ ವೆಬ್‌ಕ್ಯಾಮ್ ಆರ್ಡರ್ ಮಾಡೋದು ಆಮೇಲೆ.