ಹುಳ ಹಣ್ಣಾದ ದಿನದ ಹಾಜರಿ

ಕನಕಪುರದ ಬಸ್ಸಿನಲ್ಲಿ ಹಿಂದಿನ ಸೀಟಿನ ಹಿರಿಯರೊಬ್ಬರು ತೀರ್ಪು ಕೊಟ್ಟೇಬಿಟ್ಟರು: ‘ಟ್ರೈನಿಂಗಿಗೆ ಬರಲಿಲ್ವಾ, ಯುವನಿಧಿ ಕಟ್ ಮಾಡ್ಬೇಕು. ಪುಕ್ಸಟ್ಟೆ ದುಡ್ಡು ತಗೊಂಡು ಮನೇಲಿ ಬಿದ್ಕೊಂಡಿರ್ತವೆ.’ ಯುವನಿಧಿ ಅಂದರೆ ಕೆಲಸವಿಲ್ಲದವರಿಗೆ ರಾಜ್ಯ ಸರ್ಕಾರದ ಭತ್ಯೆ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಅದೂ ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿಯಲ್ಲಿ ಹಂಚಲು ಶುರುವಾದಾಗ, ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ ಎಂಬ ಸ್ವಯಂಘೋಷಣೆ ಕೇಳಿದ್ದರು. ಹಿರಿಯರಿಗೆ ಅಷ್ಟು ಸಾಲದು, ಕೌಶಲ ತರಬೇತಿಯ ಹಾಜರಿಯೂ ಬೇಕು.

ಈ ಅನುಮಾನ ಹೊಸದಲ್ಲ. ಧಾತು ಈಶ್ವರ ಎಂದು ಹೆಸರಾದ 1877ರ ಬರದಲ್ಲೂ ಹಸಿದವನನ್ನು ಕಂಡರೆ ಅಧಿಕಾರಿಗಳಿಗೆ ಮೊದಲು ಹುಟ್ಟುತ್ತಿದ್ದದ್ದು ಅನುಮಾನ. ಮನೆಯಿಂದ ಹತ್ತು ಮೈಲಿ ಆಚೆಗಷ್ಟೇ ಕೆಲಸ ಎಂಬ ‘ದೂರದ ಪರೀಕ್ಷೆ’ಯ ಲೆಕ್ಕ ಇದು: ನಿಜವಾಗಿ ಹಸಿದಿದ್ದರೆ ನಡೆದುಕೊಂಡು ಬರಲಿ. ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಜತೆಗೆ ಚಿಲ್ಲರೆ ಕಾಸಿಗೆ ಇಳಿಸಿದ. ಕ್ಲೋಸ್‌ಪೇಟೆ, ಅಂದರೆ ನಮ್ಮ ರಾಮನಗರದ ಮೇಲೆ ಹಾಯುವ ಮೈಸೂರು ರೈಲುದಾರಿಗೂ ಆ ಬರದ ಕೂಲಿಗಳು ಮಣ್ಣು ಹೊತ್ತಿದ್ದಾರೆ. ಸ್ವಾತಂತ್ರ್ಯ ಬಂದು ಎಷ್ಟೋ ಕಾಲದ ಮೇಲೂ ಅನುಮಾನ ಹೋಗಲಿಲ್ಲ: 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಅನುಮತಿ ಇಲ್ಲದೆ ವಾರಕ್ಕಿಂತ ಹೆಚ್ಚು ತಪ್ಪಿಸಿಕೊಂಡವನಿಗೆ ಮೂರು ತಿಂಗಳು ನಿರುದ್ಯೋಗ ಭತ್ಯೆ ಇಲ್ಲ ಎಂದೇ ಬರೆದಿತ್ತು.

ಕಲಿಸುವುದಕ್ಕೆ ಕರೆಯುವುದು ಬೇರೆ, ಬರುತ್ತಾನೋ ಇಲ್ಲವೋ ನೋಡೋಣ ಎಂದು ಕರೆಯುವುದು ಬೇರೆ. ಎರಡನೆಯದನ್ನು ‘ಸ್ಕಿಲ್’ ಎನ್ನುವವರನ್ನು ಕಂಡರೆ ನನಗೆ ಮೈಯುರಿ.

ಇಷ್ಟು ಬರೆದ ಮೇಲೆ ಹೊಳೆಯಿತು: ಬಾರದ ಹುಡುಗ ಆ ಹೊತ್ತಿನಲ್ಲಿ ಎಲ್ಲಿರುತ್ತಾನೆಂದು ಹಿರಿಯರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸೀಮೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿತೆಂದರೆ ಮುಂದಿನ ಒಂದು ವಾರ ಮನೆಯವರಿಗೆ ನಿದ್ದೆಯಿಲ್ಲ. ಒಟ್ಟು ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು ಆಗಲೇ ಬೇಕು. ಹುಳ ಹಣ್ಣಾದ ದಿನವಂತೂ ಅಜ್ಜಿಯಿಂದ ಹಿಡಿದು ಬಿ.ಕಾಂ. ಮೊಮ್ಮಗನವರೆಗೆ ಎಲ್ಲರೂ ಕುಕ್ಕರಗಾಲಲ್ಲಿ ಕೂತು, ಮೈ ಹಳದಿಯಾದ ಹುಳಗಳನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ದಂಡ. ಗೂಡು ಮಾರಿದ ದುಡ್ಡು ಅಪ್ಪನ ಖಾತೆಗೆ. ಮಗ ದಾಖಲೆಯಲ್ಲಿ ನಿರುದ್ಯೋಗಿ, ತರಗತಿಯಲ್ಲಿ ಗೈರು. ಸ್ವಯಂಘೋಷಣೆಯಲ್ಲಿ ಅವನು ಬರೆದದ್ದು ಸುಳ್ಳೇನಲ್ಲ, ಅವನಿಗೆಂದು ಯಾರೂ ಸಂಬಳ ಕೊಟ್ಟಿಲ್ಲ.

ಎರಡನೇ ಜ್ವರ ಎದ್ದ ಹುಳವನ್ನು ಯಾವ ಮನೆಗೆ ಯಾವತ್ತು ಕೊಟ್ಟೆವೆಂಬುದು ಮರಿಹುಳ ಸಾಕಿಕೊಡುವ ಚಾಕಿ ಕೇಂದ್ರದವರಿಗೆ ಗೊತ್ತಿರುತ್ತದೆ. ತರಬೇತಿಯ ದಿನ ಗೊತ್ತುಮಾಡುವವರು ಅವರಿಗೊಂದು ಫೋನು ಮಾಡಿದರೆ, ಯಾವ ವಾರ ಬೆಂಚು ಖಾಲಿ ಹೊಡೆಯುತ್ತದೆಂದು ಮೊದಲೇ ಹೇಳಿಬಿಡುತ್ತಾರೆ.