ಜೂಜಿನ ಕಾವಲಿಗೆ ಲೆಕ್ಕ ಕೊಡುವವರು ಯಾರು?

ಮಂಗಳೂರಿನ ಹಳೆಯ ಬಂದರಿನೆದುರು, ಫಲ್ಗುಣಿ ನದಿ ಹಾಗೂ ಅರಬ್ಬೀ ಸಮುದ್ರದ ನಡುವೆ ಚಾಚಿಕೊಂಡಿರುವ ಮರಳ ದಿಣ್ಣೆಯೇ ಬೆಂಗ್ರೆ. ಇಲ್ಲಿನ ಅನೇಕ ಮನೆಗಳ ಅನ್ನ ಕಡಲಿನಿಂದ ಬರುತ್ತದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಸಂಪಾದನೆ ಕುಗ್ಗುತ್ತದೆ, ಮೊಬೈಲ್ ಮಾತ್ರ ಕೈಯಲ್ಲೇ ಇರುತ್ತದೆ. ಹಣವಿಟ್ಟು ಆಡುವ ಆಟದ ಕರೆ ಇಂತಹ ಬಿಡುವಿನಲ್ಲಿ ಒಬ್ಬ ದುಡಿಯುವ ಯುವಕನನ್ನು ತಲುಪಿದರೆ ತಡೆಯಬೇಕಾದವರು ಯಾರು? ಈ ಪ್ರಶ್ನೆ ಕರಾವಳಿಯದಷ್ಟೇ ಅಲ್ಲ, ಮಳೆ ಕೈಕೊಟ್ಟ ಬಯಲುಸೀಮೆಯ ರೈತನ ಮನೆಯದೂ ಹೌದು.

ಕಾನೂನುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಜೂಜನ್ನು ಅಪರಾಧವೆನ್ನುತ್ತದೆ, ಆದರೆ ಕೌಶಲದ ಆಟಗಳನ್ನು ಅದರಿಂದ ಹೊರಗಿಡುತ್ತದೆ. 2007ರಲ್ಲಿ ರಾಜ್ಯವು ಲಾಟರಿಯನ್ನು ನಿಷೇಧಿಸಿತು. ಆದರೆ ತಲಪಾಡಿಯ ಗಡಿ ದಾಟಿದರೆ, 1967ರಿಂದ ಕೇರಳ ಸರ್ಕಾರವೇ ನಡೆಸುತ್ತಿರುವ ಲಾಟರಿ ಸಿಗುತ್ತದೆ. 2021ರ ತಿದ್ದುಪಡಿಯ ಮೂಲಕ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಲಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು.

ನೆರೆಯ ತಮಿಳುನಾಡು ಬೇರೆ ದಾರಿ ಹಿಡಿಯಿತು. ಆನ್‌ಲೈನ್ ಆಟಗಳಿಗಾಗಿ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿ, 18 ವರ್ಷ ತುಂಬದವರು ಹಣವಿಟ್ಟು ಆಡುವಂತಿಲ್ಲ, ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆಯವರೆಗೆ ಆಟವಿಲ್ಲ ಎಂಬ ನಿಯಮಗಳನ್ನು ತಂದಿತು. 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅವುಗಳನ್ನು ಎತ್ತಿಹಿಡಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ಹಣದಾಟವನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಟ ನಡೆಸುವವರಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಆಡಿ ಸೋತವರಿಗೆ ಶಿಕ್ಷೆಯಿಲ್ಲ. ಸೋತವನನ್ನು ಅಪರಾಧಿಯೆನ್ನದ ಈ ವಿವೇಕವನ್ನು ನಾವು ಸ್ವಾಗತಿಸುತ್ತೇವೆ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೇ ವರ್ಗಾಯಿಸಿಕೊಂಡಿತು.

ಆದರೆ ನಿಷೇಧವೆಂಬುದು ಆರಂಭ ಮಾತ್ರ. ಬ್ರಿಟನ್ನಿನಲ್ಲಿ ಜೂಜು ಕಾನೂನುಬದ್ಧ. ಆದರೂ ಅಲ್ಲಿನ ಜೂಜು ಆಯೋಗವು ತನ್ನ ವಾರ್ಷಿಕ ವರದಿ ಮತ್ತು ಲೆಕ್ಕಪತ್ರವನ್ನು ಪ್ರತಿವರ್ಷ ಸಂಸತ್ತಿನ ಮುಂದಿಡುತ್ತದೆ. ಜೂಜನ್ನು ಒಪ್ಪಿಕೊಂಡ ನಾಡೇ ಇಷ್ಟು ಲೆಕ್ಕ ಕೊಡುವುದಾದರೆ, ಒಪ್ಪದ ನಾಡು ಕೊಡಬೇಕಾದ ಲೆಕ್ಕ ಇನ್ನೂ ಹೆಚ್ಚಿನದು. ಎಷ್ಟು ಜಾಲತಾಣಗಳನ್ನು ತಡೆಯಲಾಯಿತು, ತಡೆದವುಗಳಲ್ಲಿ ಎಷ್ಟು ಹೊಸ ಹೆಸರಿನಲ್ಲಿ ಮರಳಿದವು, ಎಷ್ಟು ದೂರುಗಳು ಇತ್ಯರ್ಥವಾದವು, ಚಟಕ್ಕೆ ಸಿಲುಕಿದ ಎಷ್ಟು ಜನರಿಗೆ ಚಿಕಿತ್ಸೆ ದೊರೆಯಿತು? ದಾಖಲಾದ ಪ್ರಕರಣಗಳ ಸಂಖ್ಯೆಯೊಂದೇ ಕಾರ್ಯದಕ್ಷತೆಯ ಅಳತೆಯಾಗದು. ಸಾಲ ತೀರಿಸಲಾಗದೆ ಒಡೆದ ಸಂಸಾರ ಪೊಲೀಸ್ ಅಂಕಿಅಂಶದಲ್ಲಿ ಕಾಣುವುದಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಲಾಟರಿಯಿಂದ, ಕುದುರೆ ಪಂದ್ಯದ ಬಾಜಿಯಿಂದ ಸರ್ಕಾರಗಳಿಗೆ ಆದಾಯವಿದೆ. ಜಿಎಸ್‌ಟಿ ಅಡಿಯಲ್ಲಿ ಇವುಗಳ ಮೇಲಿನ ತೆರಿಗೆ ಈಗ ಶೇ. 40. ಆದಾಯ ಪಡೆಯುವ ಕೈಯೇ ಕಾವಲಿನ ಕೈಯೂ ಆದಾಗ ಹಿಡಿತ ಸಡಿಲವಾಗುವ ಅಪಾಯವಿದೆ. ಆದ್ದರಿಂದ ಕಾವಲು ಸಂಸ್ಥೆ ಹಣಕಾಸು ಇಲಾಖೆಯ ನೆರಳಿನಿಂದ ದೂರವಿರಬೇಕು. ಅದರಲ್ಲಿ ಮನೋವೈದ್ಯರಿಗೂ ಮಹಿಳೆಯರಿಗೂ ಸ್ಥಾನವಿರಬೇಕು. ಅದರ ವರದಿ ಪ್ರತಿವರ್ಷ ಕನ್ನಡದಲ್ಲೇ ಪ್ರಕಟವಾಗಿ ವಿಧಾನಮಂಡಲದಲ್ಲಿ ಚರ್ಚೆಯಾಗಬೇಕು.

ಶರಣರ ಪರಂಪರೆಯಲ್ಲಿ ಈ ವಿಚಾರಕ್ಕೆ ಆಳವಾದ ಬೇರಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸುವಂತೆ ಹೇಳಿದವರು ಪತ್ನಿ ಲಕ್ಕಮ್ಮನವರು. ಆ ಅಕ್ಕಿ ಕದ್ದದ್ದಲ್ಲ, ಆಯ್ದದ್ದೇ. ಆದರೂ ಲಕ್ಕಮ್ಮನವರು ಲೆಕ್ಕ ಕೇಳಿದರು, ಮಾರಯ್ಯನವರು ಒಪ್ಪಿದರು. ದುಡಿಯದೆ ಬಂದ ಹಣಕ್ಕೆ ಕಾಯಕದ ಶುದ್ಧಿಯಿಲ್ಲ. ಜೂಜಿನಲ್ಲಿ ಒಬ್ಬನ ಗೆಲುವೆಂದರೆ ಮತ್ತೊಬ್ಬನ ಮನೆಯ ಅನ್ನವೇ.

ಹೀಗಾಗಿ ಎರಡು ಕಡೆ ಲೆಕ್ಕ ಕೇಳುವುದು ನಮ್ಮೆಲ್ಲರ ಹೊಣೆ. ಭಕ್ತರು ತಮ್ಮ ಶಾಸಕರನ್ನು ಕಂಡಾಗ ರಸ್ತೆ, ಚರಂಡಿಗಳೊಡನೆ ಈ ವರದಿಯನ್ನೂ ಕೇಳಲಿ. ಮನೆಯಲ್ಲಿ ಮಕ್ಕಳ ಹಣದ ವಹಿವಾಟನ್ನು ಗದರಿಕೆಯಿಲ್ಲದೆ, ಲಕ್ಕಮ್ಮನವರಂತೆ ಪ್ರೀತಿಯಿಂದ ವಿಚಾರಿಸಲಿ. ಸೋತು ಬಂದವರನ್ನು ದೂರ ತಳ್ಳದೆ ಕಾಯಕದೆಡೆಗೆ ಕರೆತರುವುದೂ ದಾಸೋಹವೇ ಎಂದು ನಾವು ನಂಬುತ್ತೇವೆ.