ಕೆಲಸವಿಲ್ಲದ ಜನರೇಟರಿಗೆ ಡೀಸೆಲ್ ಯಾಕೆ?

ಹೊಳಲ್ಕೆರೆಯಲ್ಲಿ ನಮ್ಮ ಅಬ್ಬಾ ಶಾದಿಗಳಿಗೆ ಶಾಮಿಯಾನ, ಜನರೇಟರ್ ಬಾಡಿಗೆಗೆ ಕೊಡುತ್ತಾರೆ. ಲೆಕ್ಕ ಬರೆಯುವವಳು ನಾನು. ಆರ್ಡರ್ ಇಲ್ಲದ ವಾರವೂ ಅಬ್ಬಾ ಜನರೇಟರ್ ಚಾಲೂ ಮಾಡಿ, ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸುತ್ತಿದ್ದರು. "ಇದು ದಂಡದ ಖರ್ಚು" ಎಂದು ಹೇಳಿ ನಾನೇ ಎರಡು ತಿಂಗಳು ನಿಲ್ಲಿಸಿದೆ. ಆಮೇಲೆ ಒಂದು ನಿಕಾಹ್ ಹೊತ್ತಿನಲ್ಲಿ ಕರೆಂಟು ಹೋಯಿತು. ಬ್ಯಾಟರಿ ಇಳಿದಿತ್ತು, ಜನರೇಟರ್ ಏಳಲಿಲ್ಲ. ಅಬ್ಬಾ ಬಾಡಿಗೆ ವಾಪಸ್ ಕೊಟ್ಟರು, ನನ್ನನ್ನು ಬೈಯಲಿಲ್ಲ.

ನಮ್ಮದು ಒಂದು ದಿನದ ಅವಮಾನ. ನಮ್ಮದೇ ರಾಜ್ಯದ ಕೈಗಾ ಅಣು ವಿದ್ಯುತ್ ಸ್ಥಾವರವನ್ನು ನೋಡಿ. ತಲಾ 220 ಮೆಗಾವಾಟ್‌ನ 4 ಘಟಕಗಳಿದ್ದರೂ ಅಲ್ಲಿ ಡೀಸೆಲ್ ಜನರೇಟರ್ ಬೇಕು. ರಿಯಾಕ್ಟರ್ ನಿಲ್ಲಿಸಿದ ಮೇಲೂ ಇಂಧನದ ಬಿಸಿ ಬೇಗ ಆರುವುದಿಲ್ಲ. ನೀರು ಹರಿಸುವ ಪಂಪುಗಳಿಗೆ ಕರೆಂಟು ಬೇಕು. ಹೊರಗಿನ ಲೈನ್ ಹೋದರೆ ಜನರೇಟರೇ ಗತಿ. ಅದಕ್ಕೇ ಇಂಥ ಸ್ಥಾವರಗಳಲ್ಲಿ ಅವನ್ನು ಆಗಾಗ ಓಡಿಸಿ ಪರೀಕ್ಷಿಸುತ್ತಾರೆ.

ಓಡಿಸಿದರಷ್ಟೇ ಸಾಲದು, ಇಡುವ ಜಾಗವೂ ಸರಿಯಿರಬೇಕು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪದಿಂದ ಲೈನ್ ಹೋದಾಗ ಜನರೇಟರ್‌ಗಳು ಚಾಲೂ ಆಗಿದ್ದವು. ಸುನಾಮಿ ನೀರು ನುಗ್ಗಿ ಒಂದು ಬಿಟ್ಟು ಉಳಿದವೆಲ್ಲ ನಿಂತವು. 3 ರಿಯಾಕ್ಟರ್‌ಗಳ ಇಂಧನ ಕರಗಿತು.

ಲಾಭ-ನಷ್ಟದ ಖಾತೆಯಲ್ಲಿ ಈ ಡೀಸೆಲ್ ಎದುರು ಯಾವ ಆದಾಯವೂ ಕಾಣುವುದಿಲ್ಲ. ವಿಮೆಯ ಪ್ರೀಮಿಯಂ ಎದುರೂ ಕಾಣುವುದಿಲ್ಲ. ಆದರೂ ಅದನ್ನು ನಾವು ದಂಡ ಎನ್ನುವುದಿಲ್ಲ.

ನಮ್ಮ ಕಾಲೇಜಿನ ಜನರೇಟರನ್ನೂ ವಾರಕ್ಕೊಮ್ಮೆ ಓಡಿಸಿ, ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಬೇಕೆಂದು ನನ್ನ ವಿನಂತಿ. ಬರೆಯುವ ಕೆಲಸ ನಮ್ಮ ಕಾಮರ್ಸ್ ವಿಭಾಗಕ್ಕಿರಲಿ.